ಕಾಲು ಅಲುಗಿದರೆ ಫೌಲ್ ಅಲ್ಲ

ಬೆಳಗಾವಿ ಜಿಲ್ಲೆಯ ಸುರೇಬಾನ, ರಾಮದುರ್ಗದ ಕಡೆ ಕಬಡ್ಡಿಗೆ ಸೇರುವಷ್ಟು ಜನ ಬಾಸ್ಕೆಟ್‌ಬಾಲ್‌ಗೆ ಸೇರುವುದಿಲ್ಲ. ಆದರೆ ಬಾಸ್ಕೆಟ್‌ಬಾಲ್ ಎಲ್ಲೇ ನಡೆಯಲಿ, ಅಂಗಳದ ಸುತ್ತ ನಿಂತವರ ಕೂಗು ಒಂದೇ: "ಅಂವ ನಿಂತಿದ್ದಿಲ್ರೀ ಸರ, ಸರದಾನ! ಬ್ಲಾಕಿಂಗ್ ಕೊಡ್ರಿ!" ಚೆಂಡು ತಂದವನು ಎದುರಾಳಿಯ ಎದೆಗೇ ಗುದ್ದಿದ್ದನ್ನು ಎಲ್ಲರೂ ಕಂಡಿರುತ್ತಾರೆ. ಆದರೂ ತಪ್ಪು ಗುದ್ದಿಸಿಕೊಂಡವನದಂತೆ, ಯಾಕೆಂದರೆ ಅವನ ಕಾಲು ಅಲುಗಿತ್ತಂತೆ.

ಇದು ತಪ್ಪು ತಿಳಿವಳಿಕೆ. ಈ ಆಟದಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ ಇನ್ನೊಂದು ತಪ್ಪು ನಂಬಿಕೆ ಸಿಗುವುದು ಕಷ್ಟ.

ನಮ್ಮ ದೇಶದಲ್ಲಿ ನಡೆಯುವುದು ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ. ಅದರ ಪ್ರಕಾರ ತಡೆಯುವ ಆಟಗಾರ ಎದುರಾಳಿಗೆ ಮುಖ ಮಾಡಿರಬೇಕು, ಎರಡೂ ಪಾದ ನೆಲಕ್ಕೆ ತಾಗಿರಬೇಕು. ಅಲ್ಲಿಗೆ ಅವನು ಜಾಗ ಹಿಡಿದಂತಾಯಿತು. ಎಷ್ಟು ಹೊತ್ತು ಹಾಗಿರಬೇಕು? ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಿಲ್ಲ. ಆಮೇಲೆ ಅವನು ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು, ನೆಟ್ಟಗೆ ಮೇಲಕ್ಕೆ ಜಿಗಿಯಬಹುದು. ಸರಿಯುವಾಗ ಕಾಲು ಅರೆಕ್ಷಣ ನೆಲ ಬಿಟ್ಟರೂ ಪರವಾಗಿಲ್ಲ. ಚೆಂಡು ತಂದವನ ಕಡೆಗೆ ನುಗ್ಗಬಾರದು. ತೋಳು, ಸೊಂಟ, ಮೊಣಕಾಲು ಚಾಚಿ ಅಡ್ಡ ಹಾಕಬಾರದು. ಆ ಮೊದಲ ಒಂದು ಕ್ಷಣಕ್ಕೆ ಬೇಕಾದ "ಎರಡೂ ಪಾದ ನೆಲದ ಮೇಲೆ" ಎಂಬ ಮಾತನ್ನೇ ಜನ ಎಳೆದೆಳೆದು ಇಡೀ ಆಟಕ್ಕೆ ಹಬ್ಬಿಸಿದ್ದಾರೆ.

ಒಂದು ಢಿಕ್ಕಿಯನ್ನು ಹತ್ತಿರದಿಂದ ನೋಡೋಣ. ಹುಡುಗನೊಬ್ಬ ಬಲಗೈಯಲ್ಲಿ ಚೆಂಡು ಪುಟಿಸುತ್ತ ಬಾಸ್ಕೆಟ್ ಕಡೆ ನುಗ್ಗುತ್ತಾನೆ. ತಡೆಯುವವನು ಮೊಣಕಾಲು ಬಗ್ಗಿಸಿ ಎದುರಿಗಿದ್ದಾನೆ. ನುಗ್ಗುವವನು ತನ್ನ ಬಲಕ್ಕೆ ವಾಲಿದರೆ ಇವನು ತನ್ನ ಎಡಕ್ಕೆ ಎರಡು ಹೆಜ್ಜೆ ಜಾರುತ್ತಾನೆ, ಬೂಟು ಕಿರ್ರೆನ್ನುತ್ತದೆ. ಢಿಕ್ಕಿಯಾಗುತ್ತದೆ. ಏಟು ಎದೆಯ ನಡುವೆ ಬಿದ್ದಿದ್ದರೆ ತಡೆದವನು ಆ ಜಾಗಕ್ಕೆ ಮೊದಲು ತಲುಪಿದ್ದ ಎಂದೇ ಲೆಕ್ಕ, ಫೌಲ್ ನುಗ್ಗಿದವನದು, ಅಂದರೆ ಚಾರ್ಜಿಂಗ್. ನುಗ್ಗಿದವನ ತಲೆ ಮತ್ತು ಭುಜ ದಾಟಿಹೋದ ಮೇಲೆ ಇವನ ಸೊಂಟವೋ ತೊಡೆಯೋ ತಗುಲಿದ್ದರೆ ತಡವಾದದ್ದು ಇವನಿಗೆ, ಅದು ಬ್ಲಾಕಿಂಗ್. ರೆಫರಿ ಅಂಗೈಗೆ ಮುಷ್ಟಿ ಗುದ್ದಿ ತೋರಿಸುವುದೋ, ಎರಡೂ ಕೈ ಸೊಂಟಕ್ಕಿಡುವುದೋ ಎನ್ನುವುದು ಇದರ ಮೇಲೆ ನಿಂತಿದೆ. ಅದಕ್ಕೇ ಒಳ್ಳೆಯ ರೆಫರಿಯ ಕಣ್ಣು ತಡೆಯುವವನ ಮೇಲಿರುತ್ತದೆ. ನೋಡುವವರ ಕಣ್ಣು ಚೆಂಡಿನ ಹಿಂದೆ ಓಡುತ್ತಿರುತ್ತದೆ; ತಡೆಯುವವನು ಯಾವಾಗ ಬಂದ ಎನ್ನುವುದು ಅವರಿಗೆ ಕಾಣುವುದೇ ಇಲ್ಲ.

"ಏಕಾಏಕಿ ಅಡ್ಡ ಬಂದ, ನಿಲ್ಲೋಕೆ ಟೈಮೇ ಕೊಡಲಿಲ್ಲ" ಎನ್ನುವುದು ಇದರ ಜೊತೆಗೇ ಬರುವ ದೂರು. ಚೆಂಡಿಲ್ಲದವನ ವಿಷಯದಲ್ಲಿ ಇದು ನ್ಯಾಯ: ಅವನಿಗೆ ನಿಲ್ಲಲು ಅಥವಾ ತಿರುಗಲು, ವೇಗ ನೋಡಿಕೊಂಡು, ಕನಿಷ್ಠ ಒಂದು ಹೆಜ್ಜೆಯಾದರೂ ಜಾಗ ಬಿಡಬೇಕು. ಚೆಂಡು ಕೈಯಲ್ಲಿದ್ದವನಿಗೆ ಆ ರಿಯಾಯಿತಿ ಇಲ್ಲ. ಯಾರಾದರೂ ಅಡ್ಡ ಬಂದೇ ಬರುತ್ತಾರೆಂದು ತಿಳಿದೇ ಅವನು ಓಡಬೇಕು. ಅವನು ನೆಲ ಬಿಟ್ಟು ಜಿಗಿದ ಮೇಲೆ ಮಾತ್ರ ಅವನ ದಾರಿಗೆ ಹೊಸದಾಗಿ ಬಂದು ನಿಲ್ಲುವಂತಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಮೈ ತಾಗಿದ್ದೆಲ್ಲ ಫೌಲ್ ಅಲ್ಲ. ಕೈ ನೆಟ್ಟಗೆ ಮೇಲೆತ್ತಿ ನಿಂತವನ ಮೇಲೆ ಬಂದು ಬಿದ್ದರೆ ತಪ್ಪು ಅವನದಲ್ಲ. ಏಟು ತಪ್ಪಿಸಿಕೊಳ್ಳಲು ನಿಂತಲ್ಲೇ ಮೈ ತಿರುಗಿಸಿದವನ ಹಕ್ಕು ಹೋಗುವುದಿಲ್ಲ. ಮುಟ್ಟದಿದ್ದರೂ ಬಿದ್ದು ನಾಟಕ ಮಾಡುವವನಿಗೆ ಎಚ್ಚರಿಕೆ, ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲ್. ಬಾಸ್ಕೆಟ್ ಕೆಳಗಿನ 1.25 ಮೀಟರ್ ಅರ್ಧವೃತ್ತದಲ್ಲಿ ಕಾಲಿಟ್ಟ ಮಾತ್ರಕ್ಕೆ ತಡೆಯುವವನು ತಪ್ಪಿತಸ್ಥನಲ್ಲ. ಚೆಂಡಿನೊಡನೆ ಜಿಗಿದು ಬಂದವನು ಢಿಕ್ಕಿ ಹೊಡೆದರೆ ಅಲ್ಲಿ ಚಾರ್ಜಿಂಗ್ ಕೊಡುವುದಿಲ್ಲ, ಅಷ್ಟೆ. ಅವನು ಕೈಯನ್ನೋ ಕಾಲನ್ನೋ ಅಕ್ರಮವಾಗಿ ಬಳಸಿದರೆ ಅಲ್ಲೂ ಫೌಲ್ ಉಂಟು.

ಇವೆಲ್ಲ ಬರೀ ಸೂಕ್ಷ್ಮಗಳಲ್ಲ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿದರು. ಅಂತರ ಎರಡೇ ಅಂಕ. ಒಂದು ಢಿಕ್ಕಿ ಬ್ಲಾಕಿಂಗ್ ಆದರೆ ಎರಡು ಫ್ರೀ ಥ್ರೋ ಸಿಗಬಹುದು. ಚಾರ್ಜಿಂಗ್ ಆದರೆ ಚೆಂಡೇ ಎದುರಾಳಿಗೆ ಹೋಗುತ್ತದೆ.

ಬೇಸರದ ಸಂಗತಿಯೆಂದರೆ, ನಿಯಮ ಪುಸ್ತಕ ಫಿಬಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ತೆರೆಯುವವರಿಲ್ಲ. ಮೊಬೈಲಿನಲ್ಲಿ ಬಂದ ಅಮೆರಿಕದ ಎನ್‌ಬಿಎ ತುಣುಕೇ ಶಾಸ್ತ್ರ. ತಡೆಯುವವನು ಯಾರನ್ನೂ ಹತ್ತಿರದಿಂದ ಕಾಯದೆ ಬಾಸ್ಕೆಟ್ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬುದು ಅಲ್ಲಿಯ ನಿಯಮ, ಇಲ್ಲಿಯದಲ್ಲ. ಆದರೂ ಇಲ್ಲಿ ಅದನ್ನು ಹೇಳಿ ಜಗಳವಾಡುತ್ತಾರೆ. ಯಾರೋ ಜೋರಾಗಿ ಹೇಳಿದ್ದನ್ನು ಹತ್ತು ಜನ ನಂಬುವ ಚಾಳಿ ಅಂಗಳದಲ್ಲಿ ಮಾತ್ರ ಇದೆಯೆಂದಲ್ಲ. ಆದರೆ ಅಂಗಳದಲ್ಲಿ ಪೆಟ್ಟು ಬೀಳುವುದು ಮಕ್ಕಳಿಗೆ. "ಅಲುಗಾಡಬ್ಯಾಡ, ಕಂಬದಂಗ ನಿಲ್ಲು" ಎಂದು ಕಲಿಸಿದ ಹುಡುಗಿಯನ್ನು ಎದುರಾಳಿ ಒಂದೇ ಹೆಜ್ಜೆಯಲ್ಲಿ ದಾಟಿಹೋಗುತ್ತಾಳೆ. ಕಬಡ್ಡಿಯಲ್ಲಿ ದಾಳಿಗೆ ಬಂದವನ ಜೊತೆ ಅಂಕಣದುದ್ದ ಸರಿದಾಡುವುದನ್ನು ಇದೇ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮುಂದಿನ ಸಲ ಪಂದ್ಯ ನೋಡಲು ಹೋದಾಗ ಐದು ನಿಮಿಷ ಚೆಂಡನ್ನು ಬಿಡಿ, ತಡೆಯುವವರನ್ನಷ್ಟೇ ನೋಡಿ. ಕೂಗುವುದಿದ್ದರೆ ಆಮೇಲೆ ಕೂಗಿ.