ಎಳೆಯ ವಾರಸುದಾರ ಮತ್ತು ಗಾದಿ: ಎರಡು ಐತಿಹಾಸಿಕ ಕಾದಂಬರಿಗಳ ಹಿನ್ನೆಲೆಯಲ್ಲಿ

ಕನ್ನಡದ ಐತಿಹಾಸಿಕ ಕಾದಂಬರಿಯಲ್ಲಿ ಯುದ್ಧದಷ್ಟೇ ತೀವ್ರವಾದ ಇನ್ನೊಂದು ಬಿಕ್ಕಟ್ಟೆಂದರೆ, ದೊರೆಯ ಮರಣಾನಂತರ ಗಾದಿಗೆ ಯಾರು ಎಂಬುದು. ಮಾಸ್ತಿಯವರ ‘ಚೆನ್ನಬಸವನಾಯಕ’ ಹಾಗೂ ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982) ಕಾದಂಬರಿಗಳನ್ನು ಈ ದೃಷ್ಟಿಯಿಂದ ಜೊತೆಗಿರಿಸಿ ಓದುವುದು ಉಪಯುಕ್ತ.

ಇವೆರಡರ ಚಾರಿತ್ರಿಕ ಹಿನ್ನೆಲೆ ಒಂದೇ ದಶಕದ್ದು. 1754ರಲ್ಲಿ ಚಿತ್ರದುರ್ಗದ ಕಸ್ತೂರಿರಂಗಪ್ಪನಾಯಕನು ಸಂತಾನವಿಲ್ಲದೆ ತೀರಿಕೊಂಡಾಗ, ಜಾನಕಲ್ಲಿನ ಶಾಖೆಗೆ ಸೇರಿದ ಸುಮಾರು 12 ವರ್ಷದ ಮದಕರಿಗೆ ಪಟ್ಟವಾಯಿತು. ಮರುವರ್ಷ ಬಿದನೂರಿನ ಬಸಪ್ಪನಾಯಕನು ಮಡಿದು, ದತ್ತುಪುತ್ರನಾದ ಚೆನ್ನಬಸಪ್ಪನು ವಾರಸುದಾರನಾದನು. ಒಬ್ಬನಿಗೆ ಓಬವ್ವನಾಗತಿ ಆಸರೆಯಾದಳು. ಇನ್ನೊಬ್ಬನಿಗೆ ವೀರಮ್ಮಾಜಿಯೊಡನೆ ವಿರಸವುಂಟಾಯಿತು. (ಈ ನಾಗತಿಯನ್ನು ಒನಕೆ ಓಬವ್ವನೊಡನೆ ಬೆರೆಸಬಾರದು.) ಚೆನ್ನಬಸಪ್ಪನು 1757ರಲ್ಲಿ ಕೊಲೆಯಾದನೆಂಬುದು ಪ್ರತೀತಿ.

ಇಲ್ಲಿ ಗಮನಿಸಬೇಕಾದುದು, ಎಳೆಯ ಅರಸನ ಅಪಾಯವು ಕೋಟೆಯ ಹೊರಗಿಗಿಂತ ಮೊದಲು ಅರಮನೆಯ ಒಳಗೇ ಹುಟ್ಟುತ್ತದೆ ಎಂಬುದನ್ನು. ಪಟ್ಟ ಕಟ್ಟುವ ಕೈಗೆ ಪಟ್ಟ ಕಳೆಯುವ ಶಕ್ತಿಯೂ ಇರುತ್ತದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ದುರ್ಗದ ದಳವಾಯಿಗಳು ನಾಯಕರನ್ನು ಏರಿಸಿ ಇಳಿಸಿದ ಇತಿಹಾಸವನ್ನು ತ.ರಾ.ಸು. ತಮ್ಮ ಹಿಂದಿನ ಕಾದಂಬರಿಗಳಲ್ಲಿಯೇ ಚಿತ್ರಿಸಿದ್ದರು. ಆದ್ದರಿಂದ ‘ದುರ್ಗಾಸ್ತಮಾನ’ದ ಪಟ್ಟಾಭಿಷೇಕದ ಸಂಭ್ರಮವನ್ನು ಓದುಗನು ಆತಂಕವಿಲ್ಲದೆ ನೋಡಲಾರ. ತ.ರಾ.ಸು. ಒಬ್ಬ ನಾಯಕನ ಏಳುಬೀಳಿನಲ್ಲಿ ಸಂಸ್ಥಾನದ ಬಾಳನ್ನು ಕಂಡರೆ, ಮಾಸ್ತಿಯವರು ರಾಜಕುಟುಂಬದ ನೈತಿಕ ಶೈಥಿಲ್ಯದಲ್ಲಿ ರಾಜ್ಯನಾಶದ ಬೀಜವನ್ನು ಕಾಣುತ್ತಾರೆ.

ಎರಡು ಸಂಸ್ಥಾನಗಳೂ ಕೊನೆಗೆ ಹೈದರಾಲಿಯ ವಶವಾದವು: ಬಿದನೂರು 1763ರಲ್ಲಿ, ಚಿತ್ರದುರ್ಗ 1779ರಲ್ಲಿ. ತಾನೇ ಚೆನ್ನಬಸಪ್ಪನೆಂದು ಹೇಳಿಕೊಂಡ ಯುವಕನ ಹಕ್ಕನ್ನೇ ನೆಪಮಾಡಿಕೊಂಡು ಹೈದರನು ಬಿದನೂರಿನ ಮೇಲೆ ದಂಡೆತ್ತಿದ ಸಂಗತಿ ಅರ್ಥಪೂರ್ಣವಾದುದು. ಒಳಗಿನ ವಾರಸಿಕೆಯ ಬಿರುಕೇ ಹೊರಗಿನ ದಂಡಿಗೆ ದಾರಿಯಾಯಿತು.

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಭಾಗದ ವಿದ್ಯಾರ್ಥಿಗಳಿಗೆ ಈ ವಸ್ತು ದೂರದ್ದಲ್ಲ. ಕಿತ್ತೂರಿನಲ್ಲಿ 1824ರಲ್ಲಿ ದತ್ತು ಪಡೆದ ಬಾಲಕನ ಹಕ್ಕನ್ನು ಕಂಪನಿ ಸರಕಾರವು ಒಪ್ಪಲಿಲ್ಲ. 1839ರಲ್ಲಿ ವಾರಸುದಾರರಿಲ್ಲವೆಂಬ ಕಾರಣದಿಂದ ನಿಪ್ಪಾಣಿಯೂ ಕಂಪನಿಯ ವಶವಾಯಿತು. ಅರಮನೆಯ ಒಳಸಂಚಿನ ಸ್ಥಾನಕ್ಕೆ ಈಗ ಕಂಪನಿಯ ಆಜ್ಞಾಪತ್ರ ಬಂದಿತ್ತು.

ಕಾದಂಬರಿಯನ್ನು ಇತಿಹಾಸದ ದಾಖಲೆಯೆಂದು ಓದಲಾಗದು. ಆದರೆ ದಾಖಲೆಯು ‘ಸಂತಾನವಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುವೆಡೆ, ಗಾದಿಯ ಮೇಲೆ ಕುಳಿತ ಹುಡುಗನ ಭಯವನ್ನು ಕಾದಂಬರಿಯು ನಮ್ಮ ಅನುಭವಕ್ಕೆ ತರುತ್ತದೆ. ತರಗತಿಯಲ್ಲಿ ಈ ಎರಡನ್ನೂ ಎದುರುಬದುರು ಇರಿಸಿ ಬೋಧಿಸುವುದು ಅವಶ್ಯಕ.