ಕೃಷಿ ವಿಶ್ವವಿದ್ಯಾಲಯದ ಜಾಲತಾಣಗಳೂ ಅವುಗಳ ಉಸ್ತುವಾರಿಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹಿಡುವಳಿದಾರರಲ್ಲಿ ಅನೇಕರು ಬೆಳೆಯ ವಿಚಾರದಲ್ಲಿ ಸಂದೇಹ ಬಂದಾಗ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದಕ್ಕೆ ಮೊದಲೇ ಮೊಬೈಲಿನಲ್ಲಿ ನೋಡುವುದುಂಟು. ಇದು ತಪ್ಪಲ್ಲ. ಆದರೆ ಅಲ್ಲಿ ಕಾಣುವ ಸಲಹೆಯು ಯಾರದು, ಯಾವ ವರ್ಷದ್ದು, ಯಾವ ಸೀಮೆಗೆ ಹೇಳಿದ್ದು ಎಂಬ ಮೂರು ಸಂಗತಿಗಳು ತಿಳಿಯದಿದ್ದರೆ, ವಿಶ್ವವಿದ್ಯಾಲಯದ ಮುದ್ರೆಯುಳ್ಳ ಪುಟವೂ ಸಂತೆಯಲ್ಲಿ ಕೇಳಿದ ಮಾತಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಲಾರದು.

ಈ ಜಿಲ್ಲೆಗೆ ಕೃಷಿಯ ತಿಳಿವಳಿಕೆಯು ಒಂದೇ ಬಾಗಿಲಿನಿಂದ ಬರುವುದಿಲ್ಲ. ಬ್ರಹ್ಮಾವರದ ಸಂಶೋಧನಾ ಕೇಂದ್ರವು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿರುವ ಕೇಂದ್ರವು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಾಖೆಯಾಗಿದೆ. ಇವುಗಳ ಪೈಕಿ ಶಿವಮೊಗ್ಗದ ವಿಶ್ವವಿದ್ಯಾಲಯ ಒಂದಕ್ಕೇ ಮೂಡಿಗೆರೆ, ಹಿರಿಯೂರು, ಪೊನ್ನಂಪೇಟೆ ಮೊದಲಾದ ಹಲವು ಆವರಣಗಳಿವೆ. ಪ್ರತಿಯೊಂದು ಆವರಣವೂ ತನಗೆ ತೋಚಿದಂತೆ ಪುಟಗಳನ್ನು ಬರೆದು ಬಿಟ್ಟರೆ, ಒಂದೇ ವಿಶ್ವವಿದ್ಯಾಲಯವು ಒಂದೇ ಬೆಳೆಗೆ ಎರಡು ಮಾತು ಹೇಳಿದಂತಾಗುವುದು.

ಅಡಿಕೆಯನ್ನೇ ನೋಡಬಹುದು. ಮಲೆನಾಡಿನಲ್ಲಿ ಕಾಯಿ ಹಸುರಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ನಮ್ಮ ಕರಾವಳಿ ತಾಲೂಕುಗಳಲ್ಲಿಯಾದರೋ ಹಣ್ಣಾದ ಗೋಟನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುವುದೇ ರೂಢಿ. ಕೊಯ್ಲಿನ ಕಾಲ, ಒಣಗಿಸುವ ಕ್ರಮ, ಮಾರುಕಟ್ಟೆ ಇವೆಲ್ಲವೂ ಬೇರೆಯಾಗಿರುವುದರಿಂದ ಶಿವಮೊಗ್ಗದಲ್ಲಿ ಬರೆದ ಪುಟವನ್ನು ಬ್ರಹ್ಮಾವರದವರು ನೋಡದೆ ಪ್ರಕಟಿಸಿದರೆ ಬೆಳ್ತಂಗಡಿಯ ಕೃಷಿಕನಿಗೆ ಅದರಿಂದ ಗೊಂದಲವೇ ಹೊರತು ಪ್ರಯೋಜನವಿಲ್ಲ.

ಗೊಂದಲಕ್ಕಿಂತಲೂ ಅಪಾಯಕರವಾದುದು ಕಾಲ ಮೀರಿದ ಪುಟ. ಅಡಿಕೆಯ ಸುಳಿ ತಿಗಣೆಗೆ ಫೋರೇಟ್ ಹರಳನ್ನು ಸಣ್ಣ ಪೊಟ್ಟಣದಲ್ಲಿ ತುಂಬಿ ಸೋಗೆಯ ಕಂಕುಳಲ್ಲಿ ಇರಿಸುವ ಕ್ರಮವನ್ನು ಹಿಂದೆ ಶಿಫಾರಸು ಮಾಡುತ್ತಿದ್ದರು. 2018ರ ಆಗಸ್ಟ್ ತಿಂಗಳ ಕೇಂದ್ರ ಸರಕಾರದ ಆದೇಶದಂತೆ ಈ ವಿಷವು 2020ರ ಡಿಸೆಂಬರ್ 31ರಿಂದ ನಿಷಿದ್ಧವಾಯಿತು. ಎಂಡೋಸಲ್ಫಾನನ್ನು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಗೇರು ತೋಪುಗಳಿಗೆ ಸಿಂಪಡಿಸಿದ ಆ ವಿಷದ ಫಲವನ್ನು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಗ್ರಾಮಗಳವರಿಗೆ ಬೇರೆ ಯಾರೂ ವಿವರಿಸಬೇಕಾದುದಿಲ್ಲ. ಆದೇಶ ಹೊರಟಿತೆಂದು ಹಳೆಯ ಪುಟವು ತಾನಾಗಿ ಅಳಿದುಹೋಗುವುದಿಲ್ಲ. ಬರೆದ ಅಧ್ಯಾಪಕರಿಗೆ ವರ್ಗವಾದ ಅಥವಾ ನಿವೃತ್ತಿಯಾದ ಮೇಲೆ ಅದು ಯಜಮಾನನಿಲ್ಲದ ತೋಟದಂತೆ ಬಿದ್ದಿರುತ್ತದೆ. ಹುಡುಕಿದವನ ಕೈಗೆ ಮಾತ್ರ ಇನ್ನೂ ಸಿಕ್ಕುತ್ತದೆ.

ಆದಕಾರಣ ಎಲ್ಲ ಆವರಣಗಳಿಗೂ ಸಂಬಂಧಪಟ್ಟ ಒಂದು ಸಮಿತಿಯು ಈ ಪುಟಗಳಿಗೆ ಹೊಣೆಯಾಗಿರುವುದು ಅಗತ್ಯ. ಪ್ರತಿ ಆವರಣದ ಒಬ್ಬರು, ವಿಸ್ತರಣಾ ವಿಭಾಗದವರು, ಕನ್ನಡ ಬಲ್ಲ ಸಂಪಾದಕರು ಮತ್ತು ಒಬ್ಬಿಬ್ಬರು ಅನುಭವಸ್ಥ ಕೃಷಿಕರು ಅದರಲ್ಲಿರಬೇಕು. ಗಣಕಯಂತ್ರದ ಕೆಲಸದವರೂ ಇರತಕ್ಕದ್ದೇ. ಆದರೆ ಔಷಧದ ಪ್ರಮಾಣವನ್ನು ನಿರ್ಣಯಿಸುವುದು ಅವರ ಕೆಲಸವಲ್ಲ. ಬರೆಯುವವರೊಬ್ಬರು, ಪರಿಶೀಲಿಸುವವರೊಬ್ಬರು, ಒಪ್ಪಿಗೆ ಕೊಡುವವರೊಬ್ಬರು ಎಂಬ ಕ್ರಮವು ಹೊಸದೇನಲ್ಲ. ಸರಕಾರಿ ಜಾಲತಾಣಗಳಿಗಾಗಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು 2009ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯಲ್ಲೇ ಅದಿದೆ. ಪುಟವನ್ನು ಕಾಲಕಾಲಕ್ಕೆ ಪುನಃ ಪರಿಶೀಲಿಸಬೇಕೆಂದೂ, ಹಳೆಯದನ್ನು ಬೇರೆಯಾಗಿ ಸಂಗ್ರಹಿಸಿಡಬೇಕೆಂದೂ ಅಲ್ಲಿ ಹೇಳಿದೆ.

ಪರಿಶೀಲನೆಯನ್ನು ವರ್ಷದ ಲೆಕ್ಕದಲ್ಲಿ ಇಡುವುದಕ್ಕಿಂತ ಬೆಳೆಯ ಲೆಕ್ಕದಲ್ಲಿ ಇಡುವುದು ಮೇಲು. ಏಣೆಲು ಬೇಸಾಯದ ಪುಟಗಳನ್ನು ಬಿತ್ತನೆಗೆ ಮುಂಚೆಯೂ, ಕೊಳೆರೋಗದ ಪುಟಗಳನ್ನು ಮುಂಗಾರು ಹಿಡಿಯುವ ಮುಂಚೆಯೂ ನೋಡಿರಬೇಕು. ಬೋರ್ಡೋ ದ್ರಾವಣದ ಮೊದಲನೆಯ ಸಿಂಪಡಣೆ ಮಳೆಗೆ ಮುನ್ನವೇ ಆಗಬೇಕಾದುದರಿಂದ ಜುಲೈಯಲ್ಲಿ ತಿದ್ದಿದ ಪುಟವು ಆ ವರ್ಷಕ್ಕೆ ವ್ಯರ್ಥ. ಇಲ್ಲಿ ಸಮಿತಿಯ ದೋಷವೊಂದನ್ನೂ ಹೇಳಬೇಕು: ಸದಸ್ಯರು ಹೆಚ್ಚಾದಷ್ಟು ಸಹಿ ತಡವಾಗುತ್ತದೆ. ನಿಷೇಧದ ಆದೇಶವಾಗಲಿ, 2022ರ ಸುಮಾರಿಗೆ ಅಡಿಕೆ ತೋಟಗಳಲ್ಲಿ ಹಬ್ಬಿದ ಎಲೆಚುಕ್ಕೆ ರೋಗದಂಥ ಉಪದ್ರವವಾಗಲಿ ಬಂದಾಗ ಸಭೆಗೆ ಕಾಯದೆ ಇಬ್ಬರು ಸದಸ್ಯರೇ ಒಂದು ದಿನದೊಳಗೆ ಪುಟವನ್ನು ತಡೆಹಿಡಿಯುವ ಅಧಿಕಾರವುಳ್ಳವರಾಗಿರಬೇಕು. ಹಾಗೆ ಹಿಂತೆಗೆದ ಪುಟವನ್ನು ಸದ್ದಿಲ್ಲದೆ ಅಳಿಸಿಬಿಡುವುದೂ ಸರಿಯಲ್ಲ. "ರದ್ದಾಗಿದೆ" ಎಂಬ ಮಾತನ್ನೂ ಕಾರಣವನ್ನೂ ಅದೇ ಸ್ಥಳದಲ್ಲಿ ಕಾಣಿಸಬೇಕು. ಏಕೆಂದರೆ ಅದನ್ನು ಮೊದಲು ಓದಿದವನು ಪುನಃ ಅಲ್ಲಿಗೇ ಬರುತ್ತಾನೆ.

ಗ್ರಾಮದ ಮುಖ್ಯಸ್ಥರು ಮಾಡಬಹುದಾದ ಕೆಲಸವೂ ಒಂದುಂಟು. ದಿನಾಂಕವಿಲ್ಲದ ಅಥವಾ ನಿಷಿದ್ಧ ಔಷಧವನ್ನು ಹೇಳುವ ಪುಟ ಕಂಡರೆ, ಅದರ ವಿಳಾಸವನ್ನೂ ನೋಡಿದ ದಿನವನ್ನೂ ಬರೆದು ರೈತ ಸಂಪರ್ಕ ಕೇಂದ್ರದ ಮೂಲಕ ಆ ವಿಶ್ವವಿದ್ಯಾಲಯದ ವಿಸ್ತರಣಾ ನಿರ್ದೇಶಕರಿಗೆ ತಿಳಿಸಬಹುದು. ಅಂಥ ಪುಟವನ್ನು ಮುದ್ರಿಸಿ ಸಹಕಾರಿ ಸಂಘದ ಗೋಡೆಗೋ ಪಂಚಾಯತು ಕಚೇರಿಯ ಹಲಗೆಗೋ ಅಂಟಿಸಿದ್ದರೆ ಆ ಪ್ರತಿಯನ್ನು ಅಂದೇ ತೆಗೆಸಿಬಿಡತಕ್ಕದ್ದು. ವಿಶ್ವವಿದ್ಯಾಲಯದ ಸಮಿತಿಯ ಕೈ ಅಲ್ಲಿಯ ವರೆಗೆ ನೀಳುವುದಿಲ್ಲ.