ಕ್ಲಾಸಲ್ಲಿ ಉಬ್ಬಸ ಜೋರಾದ್ರೆ: ಮೊದಲು ಇನ್ಹೇಲರ್, ಆಮೇಲೆ ಅಪ್ಪ-ಅಮ್ಮನಿಗೆ ಫೋನು

ಇವತ್ತು ಒಂದೇ ಪ್ರಶ್ನೆ: ಸ್ಕೂಲಲ್ಲಿ ಮಗುವಿಗೆ ಆಸ್ತಮಾ ಜೋರಾದ್ರೆ ಮೊದಲ ಹತ್ತು ನಿಮಿಷ ಏನು ಮಾಡ್ಬೇಕು?

ಇದು ಅಪರೂಪದ ಕಾಯಿಲೆ ಅಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಆಸ್ತಮಾ ಇದ್ದವರು 1979ರಲ್ಲಿ ಶೇ. 9, 1999ಕ್ಕೆ ಶೇ. 29.5. ಶಾಲೆಗಳಲ್ಲಿ ನೋಡಿದಾಗಲೂ ಟ್ರಾಫಿಕ್ ಹೆಚ್ಚಿರೋ ಕಡೆಯೇ ಜಾಸ್ತಿ ಕಂಡಿತ್ತು. ಕಾರ್ಡ್ ರೋಡ್, ಮಾಗಡಿ ರೋಡ್ ಪಕ್ಕದ ಶಾಲೆಗಳನ್ನ ನೆನೆಸಿಕೊಳ್ಳಿ.

ಉಬ್ಬಸ ಬಂದಾಗ ಉಸಿರಿನ ನಾಳದ ಸುತ್ತ ಇರೋ ಸ್ನಾಯು ಬಿಗಿಯುತ್ತೆ, ಒಳಪದರ ಊದಿಕೊಳ್ಳುತ್ತೆ. ಸ್ನಾಯುವನ್ನ ಬೇಗ ಸಡಿಲ ಮಾಡೋದು ಸಾಲ್ಬುಟಮಾಲ್, ಸಾಮಾನ್ಯವಾಗಿ ನೀಲಿ ಇನ್ಹೇಲರ್. ದಿನಾ ತಗೊಳ್ಳೋ ಸ್ಟೀರಾಯ್ಡ್ ಇನ್ಹೇಲರ್ ಮುಂದೆ ಉಬ್ಬಸ ಬರದಂತೆ ತಡೆಯೋಕೆ. ಆ ಕ್ಷಣಕ್ಕೆ ಅದು ಸಾಲದು.

ಮಗುವನ್ನ ಮಲಗಿಸಬೇಡಿ, ನೇರ ಕೂರಿಸಿ. ಒಬ್ಬರು ಪಕ್ಕದಲ್ಲೇ ಇರಿ. ಇನ್ಹೇಲರ್ ಕುಲುಕಿ, ಸ್ಪೇಸರ್‌ಗೆ ಸಿಕ್ಕಿಸಿ ಒಂದು ಪಫ್, ನಾಲ್ಕು ಉಸಿರು. ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾಯಿರಿ. ಕಡಿಮೆ ಆಗ್ಲಿಲ್ವಾ? ಮತ್ತೆ ನಾಲ್ಕು. ಆಗಲೂ ಸುಧಾರಿಸದಿದ್ರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರೋವರೆಗೂ ಇದೇ ರೀತಿ ಕೊಡ್ತಾ ಇರಿ.

ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ತಿಲ್ಲ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೀತಿದೆ, ತುಟಿ ನೀಲಿಯಾಗಿದೆ ಅಂದ್ರೆ ತಕ್ಷಣ 108. ಸುಯ್ ಅನ್ನೋ ಸದ್ದು ನಿಂತು ಮಗು ಸುಸ್ತಾದ್ರೆ ವಾಸಿಯಾಯ್ತು ಅಂದ್ಕೋಬೇಡಿ. ಗಾಳಿಯೇ ಓಡಾಡ್ತಿಲ್ಲ ಅಂತ ಅದರರ್ಥ ಆಗಿರಬಹುದು.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಲೆಕ್ಕದ ಮಾತು. ಅಮ್ಮನ ಆಫೀಸ್ ಕೆಂಗೇರಿಯಲ್ಲಿ, ಸ್ಕೂಲ್ ಬಸವೇಶ್ವರನಗರದಲ್ಲಿ ಅಂದ್ಕೊಳ್ಳಿ. "ಪೇರೆಂಟ್ಸ್ ಬರ್ಲಿ" ಅಂತ ಕಾದ್ರೆ ಆ ಹತ್ತು ನಿಮಿಷ ನಾಯಂಡಹಳ್ಳಿ ಸಿಗ್ನಲ್‌ನಲ್ಲೇ ಮುಗಿಯುತ್ತೆ. ಇನ್ಹೇಲರ್ ಆಫೀಸಿನ ಬೀರುವಲ್ಲಿದ್ದು, ಬೀಗದ ಕೈ ರಜೆಯಲ್ಲಿರೋರ ಹತ್ರ ಇದ್ರೂ ಅಷ್ಟೇ ನಷ್ಟ.

ಇಂಗ್ಲೆಂಡಿನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಗಳೇ ತುರ್ತಿಗೆ ಒಂದು ಇನ್ಹೇಲರ್ ಇಟ್ಕೋಬಹುದು. ನಾವು ಕಾನೂನಿಗೆ ಕಾಯೋದು ಬೇಡ. ಡಾಕ್ಟರ್ ಹತ್ರ ಒಂದು ಪುಟದ ಆಸ್ತಮಾ ಪ್ಲಾನ್ ಬರೆಸಿ. ಹೆಸರು ಬರೆದ ಇನ್ಹೇಲರ್, ಸ್ಪೇಸರ್ ಜೊತೆ ಕ್ಲಾಸ್ ಟೀಚರ್ ಕೈಗೇ ಕೊಡಿ. ಎಕ್ಸ್‌ಪೈರಿ ಡೇಟ್ ನೋಡಿ. ಪಿಟಿ ಮೇಷ್ಟ್ರಿಗೂ, ವ್ಯಾನ್ ಡ್ರೈವರಣ್ಣನಿಗೂ ತೋರಿಸಿಕೊಡಿ. ಓಡುವಾಗ, ದಾರಿಯಲ್ಲಿ ಮಗು ಜೊತೆ ಇರೋದು ಅವರೇ.